ಗಂಜಿನ ಚೀಲ, ಜಿಮ್ಮಿನ ರಾಡು

ತೊಗರಿ ರಾಶಿ ಮುಗಿದು ಆವಕ ಜೋರಾಗುವ ಜನವರಿ, ಫೆಬ್ರವರಿಯಲ್ಲಿ ಕಲಬುರಗಿಯ ನೆಹರು ಗಂಜ್ ಎಂಬ ಧಾನ್ಯದ ಮಾರುಕಟ್ಟೆಗೆ ಹೋದರೆ ಹಮಾಲರ ಕೆಲಸ ನಿಂತು ನೋಡುವಂತಿರುತ್ತದೆ. ಇಬ್ಬರು ಚೀಲದ ಎರಡು ತುದಿ ಹಿಡಿದು ಒಂದೇ ಏಟಿಗೆ ಎತ್ತಿ ಮೂರನೆಯವನ ಬೆನ್ನಿಗೆ ಇಡುತ್ತಾರೆ. ಅವನು ನಡು ಬಗ್ಗಿಸಿ, ಒಂದು ಕೈಯಲ್ಲಿ ಚೀಲದ ಕಿವಿ ಹಿಡಿದು, ಹಲಗೆ ಹತ್ತಿ ಲಾರಿಯೊಳಗೆ ಒಗೆದು ಬಂದು ಮತ್ತೆ ಬೆನ್ನು ಕೊಡುತ್ತಾನೆ. ಒಂದು ಚೀಲ 50 ಕಿಲೋ. ಇಪ್ಪತ್ತು ಚೀಲಕ್ಕೆ ಒಂದು ಟನ್ನು, ಒಂದು ಲಾರಿಗೆ ಎಷ್ಟು ಟನ್ನೆಂದು ನೀವೇ ಲೆಕ್ಕ ಹಾಕಿ. ಇಷ್ಟು ಹೊರುವವರ ರಟ್ಟೆ ಮಾತ್ರ ರಿಂಗ್ ರೋಡಿನ ಜಿಮ್ಮಿನಲ್ಲಿ ದಿನಕ್ಕೊಂದು ತಾಸು ಕಳೆಯುವ ಹುಡುಗನ ರಟ್ಟೆಯಷ್ಟು ದಪ್ಪ ಇರುವುದಿಲ್ಲ. ಹೊಸದಾಗಿ ಜಿಮ್ ಸೇರುವವರು ಕೇಳುವ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ: "ದಿನಾ ಟನ್‌ಗಟ್ಟಲೆ ಹೊರೋರಿಗೇ ಬಾಡಿ ಬರಂಗಿಲ್ಲ, ಒಂದ್ ತಾಸ್ ರಾಡ್ ಎತ್ತಿದ್ರ ನಮಗ ಹ್ಯಾಂಗ ಬರ್ತದ್ರೀ?"

ಹಮಾಲರಿಗೆ ಶಕ್ತಿ ಇಲ್ಲವೆಂದು ಯಾರೂ ಹೇಳಲಾರರು. ಅವರ ಬೆನ್ನು, ಕುತ್ತಿಗೆಯ ಬುಡ, ಮೀನಖಂಡ ನೋಡಿದರೆ ಕೆಲಸ ಎಲ್ಲಿ ಬಿದ್ದಿದೆಯೋ ಅಲ್ಲಿ ದೇಹ ಗಟ್ಟಿಯಾಗಿರುವುದು ಕಾಣುತ್ತದೆ. ಆದರೆ ಚೀಲ ಬೆನ್ನ ಮೇಲೆ ಕೂತಾಗ ತೋಳು ಅದನ್ನು ಹಿಡಿದುಕೊಂಡಿರುತ್ತದೆ, ಅಷ್ಟೇ. ಪೂರ್ತಿ ಚಾಚಿ ಪೂರ್ತಿ ಮಡಚುವ ಕೆಲಸ ಮೊಣಕೈಗಿಲ್ಲ. ಎದೆಯ ಸ್ನಾಯುವಿಗೆ ತಳ್ಳುವ ಕೆಲಸವೇ ಇಲ್ಲ. ಇದು ಮೊದಲನೆಯ ಕಾರಣ. ಎರಡನೆಯದು ಇನ್ನೂ ದೊಡ್ಡದು: 50 ಕಿಲೋದ ಚೀಲ ಮುಂದಿನ ವಾರವೂ 50 ಕಿಲೋ, ಹತ್ತು ವರ್ಷದ ಮೇಲೂ 50 ಕಿಲೋ. ಕೆಲಸಕ್ಕೆ ಸೇರಿದ ಹೊಸತರಲ್ಲಿ ದೇಹ ಆ ಭಾರಕ್ಕೆ ಬೇಕಾದಷ್ಟು ಬಲಿಯುತ್ತದೆ, ಆಮೇಲೆ ಬೆಳೆಯಲು ಅದಕ್ಕೆ ಕಾರಣವೇ ಇಲ್ಲ. ಮೂರನೆಯದು ಊಟ ಮತ್ತು ವಿಶ್ರಾಂತಿ. ಎಂಟು-ಹತ್ತು ತಾಸು ದುಡಿದ ಮೈ ಉಂಡದ್ದನ್ನೆಲ್ಲ ಸುಟ್ಟುಬಿಡುತ್ತದೆ, ಬೆಳವಣಿಗೆಗೆ ಏನೂ ಉಳಿಯುವುದಿಲ್ಲ. ಜಿಮ್ಮಿನಲ್ಲಿ ಮಾಡುವುದೆಲ್ಲ ಈ ಮೂರನ್ನು ತಿರುವಿ ಹಾಕುವುದು. ಇದು ತಿಳಿಯದೆ ರಾಡು ಎತ್ತುವವರು ಜಿಮ್ಮಿಗೆ ಫೀ ಕಟ್ಟಿ ಹಮಾಲಿ ಮಾಡುತ್ತಾರೆ, ಅದೂ ಕೂಲಿಯಿಲ್ಲದ ಹಮಾಲಿ.

ಒಳಗೆ ನಡೆಯುವುದೇನು

ಸ್ನಾಯುವೆಂದರೆ ಕೂದಲೆಳೆಗಿಂತ ದಪ್ಪವಿಲ್ಲದ ಲಕ್ಷಗಟ್ಟಲೆ ತಂತುಗಳ ಕಟ್ಟು. ಒಂದೊಂದು ತಂತುವಿನೊಳಗೂ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳು ಒಂದರ ಮೇಲೊಂದು ಜಾರಿ ಸ್ನಾಯುವನ್ನು ಕುಗ್ಗಿಸುತ್ತವೆ. ಭಾರದ ವಿರುದ್ಧ ಕುಗ್ಗುವಾಗ ತಂತುವಿನ ಮೇಲೆ ಬೀಳುವ ಎಳೆತವೇ ಬೆಳವಣಿಗೆಗೆ ಮುಖ್ಯ ಸೂಚನೆ. ಜೀವಕೋಶ ಅದನ್ನು ಗ್ರಹಿಸಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಶುರು ಮಾಡುತ್ತದೆ. ಹೊಸಬರಲ್ಲಿ ಈ ಕಟ್ಟುವ ಕೆಲಸ ವ್ಯಾಯಾಮದ ನಂತರ 24ರಿಂದ 48 ತಾಸು ಹೆಚ್ಚಿನ ವೇಗದಲ್ಲಿ ನಡೆದು ಮತ್ತೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಹೊಸ ತಂತುಗಳು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ, ಇದ್ದ ತಂತುಗಳೇ ದಪ್ಪವಾಗುತ್ತವೆ.

ಈ 48 ತಾಸಿನ ಮಾತಿನಲ್ಲೇ ನಮ್ಮ ಜಿಮ್ಮುಗಳ ಗೋಡೆಗೆ ಅಂಟಿಸಿದ ವೇಳಾಪಟ್ಟಿಯ ದೋಷ ಇದೆ. ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಬುಧವಾರ ಶೋಲ್ಡರ್ ಎಂಬ ಪಟ್ಟಿ ಐದಾರು ವರ್ಷ ಎತ್ತಿದವರಿಗೆ ಸರಿಹೋದೀತು. ಹೊಸಬ ಸೋಮವಾರ ಎದೆಗೆ ಹದಿನೈದು-ಇಪ್ಪತ್ತು ಸೆಟ್ (ತಡೆಯಿಲ್ಲದೆ ಒಂದೇ ಸರದಿಯಲ್ಲಿ ಎತ್ತುವುದು ಒಂದು ಸೆಟ್) ಹೊಡೆದರೆ ಬುಧವಾರದ ಹೊತ್ತಿಗೆ ಅದರ ಲಾಭ ಮುಗಿದಿರುತ್ತದೆ, ಆಮೇಲೆ ಐದು ದಿನ ಎದೆ ಸುಮ್ಮನೆ ಕೂತಿರುತ್ತದೆ. ಅದೇ ಸೆಟ್ಟುಗಳಲ್ಲಿ ಅರ್ಧವನ್ನು ಮೂರು ದಿನಕ್ಕೆ ಹಂಚಿದರೂ ಹೊಸಬನಿಗೆ ಸಾಕು, ನೋವೂ ಕಡಿಮೆ.

ನೋವಿನ ಬಗ್ಗೆ ಒಂದು ಮಾತು. "ಮೈ ನೋಯಲಿಲ್ಲಂದ್ರ ವರ್ಕೌಟ್ ಹತ್ತೇ ಇಲ್ಲ" ಎಂಬ ನಂಬಿಕೆ ಭಾಳ ಗಟ್ಟಿ. ಮರುದಿನದಿಂದ ಮೂರನೇ ದಿನದವರೆಗೆ ಕಾಡುವ ಆ ನೋವು ರೂಢಿಯಿಲ್ಲದ ಕೆಲಸದಿಂದ, ಅದರಲ್ಲೂ ಭಾರವನ್ನು ಇಳಿಸುವಾಗ ಸ್ನಾಯು ಎಳೆದುಕೊಳ್ಳುವುದರಿಂದ ಬರುತ್ತದೆ. ಲ್ಯಾಕ್ಟಿಕ್ ಆಮ್ಲ ಕೂತಿದೆ ಅನ್ನುವುದು ತಪ್ಪು. ಅದು ವ್ಯಾಯಾಮ ಮುಗಿದ ಒಂದೆರಡು ತಾಸಿನಲ್ಲೇ ರಕ್ತದಿಂದ ಹೋಗಿಬಿಟ್ಟಿರುತ್ತದೆ. ಮೊದಲ ವಾರಗಳಲ್ಲಿ ಹೊಸದಾಗಿ ಕಟ್ಟಿದ ಪ್ರೋಟೀನಿನ ಹೆಚ್ಚಿನ ಪಾಲು ಹೀಗೆ ಹಾಳಾದದ್ದನ್ನು ರಿಪೇರಿ ಮಾಡಲಿಕ್ಕೇ ಹೋಗುತ್ತದೆ, ಹಾನಿ ಕಡಿಮೆಯಾದ ಮೇಲೆ ಬೆಳವಣಿಗೆಗೆ ಉಳಿಯುತ್ತದೆ. ಹಾಗಾಗಿ ಮೊದಲ ದಿನವೇ ಮೆಟ್ಟಿಲು ಇಳಿಯಲಾಗದಂತೆ ಕಾಲು ಹೊಡೆಸಿ ಕಳಿಸುವ ಟ್ರೇನರ್ ಉಪಕಾರವನ್ನೇನೂ ಮಾಡುತ್ತಿಲ್ಲ. ಮೊದಲ ವಾರ ಪ್ರತಿ ವ್ಯಾಯಾಮಕ್ಕೆ ಒಂದು ಸೆಟ್, ಎರಡನೇ ವಾರ ಎರಡು, ಮೂರನೇ ವಾರದಿಂದ ಮೂರು. ಅವಸರ ಬೇಡ.

ಇನ್ನೊಂದು ನಿರಾಸೆಯ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೊದಲ ನಾಲ್ಕಾರು ವಾರದಲ್ಲಿ ತೂಕ ಎತ್ತುವ ಶಕ್ತಿ ಸರಸರ ಏರುತ್ತದೆ, ಆದರೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಆ ಏರಿಕೆ ಬಹುಪಾಲು ನರಗಳದ್ದು: ಇರುವ ಸ್ನಾಯುವನ್ನೇ ಒಟ್ಟಿಗೆ, ಸರಿಯಾದ ಕ್ರಮದಲ್ಲಿ ದುಡಿಸಲು ಮೆದುಳು ಕಲಿಯುತ್ತಿರುತ್ತದೆ. ಅಂಗಿಯ ತೋಳು ಬಿಗಿಯಾಯಿತೆಂದು ಬೇರೆಯವರು ಗುರುತಿಸಲು ಎರಡು-ಮೂರು ತಿಂಗಳು ಬೇಕು. ಹೊಸ ವರ್ಷಕ್ಕೆ ಸೇರಿದವರಲ್ಲಿ ಬಹಳ ಮಂದಿ ಶಿವರಾತ್ರಿಯ ಹೊತ್ತಿಗೆ ಬಿಟ್ಟುಬಿಡುವುದು ಸರಿಯಾಗಿ ಈ ನಡುವಿನ ಅವಧಿಯಲ್ಲಿ. ವ್ಯಾಯಾಮ ಮಾಡಿದ ಕೂಡಲೇ ತೋಳು ಉಬ್ಬಿ ಕಾಣುವುದು ರಕ್ತ ತುಂಬಿದ್ದರಿಂದ. ಸೆಲ್ಫಿ ತೆಗೆದುಕೊಳ್ಳಿ, ತಪ್ಪೇನಿಲ್ಲ, ಮನೆ ಮುಟ್ಟುವಷ್ಟರಲ್ಲಿ ಇಳಿದಿರುತ್ತದೆ.

ಕೊನೆಯ ಎರಡು-ಮೂರು ರೆಪ್ಸ್

ಸಂಜೆ ಏಳರ ಸುಮಾರಿಗೆ ಯಾವ ಜಿಮ್ಮಿಗೆ ಹೋದರೂ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ ಸುತ್ತ ಒಂದು ಗುಂಪು. ಹೊಸ ಹುಡುಗ ಮಲಗಿದ್ದಾನೆ, ರಾಡಿಗೆ ಎರಡೂ ಕಡೆ 15 ಕಿಲೋದ ಪ್ಲೇಟು. ತಲೆಯ ಹತ್ತಿರ ಒಬ್ಬ ಗೆಳೆಯ ನಿಂತು ರಾಡಿನ ಕೆಳಗೆ ಎರಡೂ ಕೈ ಕೊಟ್ಟಿದ್ದಾನೆ. ಮೂರನೇ ರೆಪ್‌ಗೇ ರಾಡು ನಿಲ್ಲುತ್ತದೆ (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್). "ಆಲ್ ಯೂ, ಆಲ್ ಯೂ! ಎತ್ತಲೇ ತಮ್ಮಾ, ನಿಂದೇ ಐತಿ, ಪೂರಾ ನಿಂದೇ!" ಎಂದು ಕೂಗುತ್ತಾ ಗೆಳೆಯ ತಾನೇ ನಡು ಬಗ್ಗಿಸಿ ಎತ್ತುತ್ತಾನೆ. ಅವನ ಕುತ್ತಿಗೆಯ ನರ ಉಬ್ಬಿದೆ, ಮಲಗಿದವನ ಮೊಣಕೈ ನಡುಗುತ್ತಿದೆ, ಕುಂಡಿ ಬೆಂಚಿನಿಂದ ಒಂದು ಗೇಣು ಮೇಲೆದ್ದಿದೆ. ಹತ್ತು ರೆಪ್ಸ್ ಆದವೆಂದು ಎಣಿಸಿ ರಾಡು ಇಟ್ಟರು. ಆ ಹತ್ತರಲ್ಲಿ ಮೂರು ಮಲಗಿದವನ ಎದೆಯವು, ಉಳಿದ ಏಳರ ಹೆಚ್ಚಿನ ಪಾಲು ನಿಂತವನ ಬೆನ್ನಿನವು. ನಿಂತವನಿಗೆ ಅದು ಒಳ್ಳೆಯ ರೋಯಿಂಗ್ ವ್ಯಾಯಾಮ. ಮಲಗಿದವನು ಮುಂದಿನ ವಾರ ಎಷ್ಟು ಹಾಕಬೇಕೆಂಬುದು ಮಾತ್ರ ಇಬ್ಬರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಅವನು ಎತ್ತಿದ್ದೆಷ್ಟು ಎಂಬ ಲೆಕ್ಕವೇ ಇಲ್ಲ.

ಪಕ್ಕದ ಬೆಂಚಿನಲ್ಲಿ ಇದಕ್ಕೆ ತದ್ವಿರುದ್ಧ ತಪ್ಪು ನಡೆಯುತ್ತಿರುತ್ತದೆ. 5 ಕಿಲೋದ ಡಂಬೆಲ್ ಹಿಡಿದವನು ಮೊಬೈಲ್ ನೋಡುತ್ತಾ ಹನ್ನೆರಡು ಎಣಿಸಿ ಇಡುತ್ತಾನೆ. ಕೇಳಿದರೆ ಇನ್ನೂ ಹದಿನೈದು ಎತ್ತಬಲ್ಲ. ಇದೂ ಯಾಕೆ ಫಲ ಕೊಡುವುದಿಲ್ಲವೆಂದರೆ, ದೇಹ ಕೆಲಸಕ್ಕೆ ಬೇಕಾದಷ್ಟೇ ತಂತುಗಳನ್ನು ಎಬ್ಬಿಸುತ್ತದೆ. ಹಗುರ ಕೆಲಸಕ್ಕೆ ಸಣ್ಣ, ಬೇಗ ದಣಿಯದ ಗುಂಪುಗಳು ಸಾಕು. ದಪ್ಪಗೆ ಬೆಳೆಯುವ ಸಾಮರ್ಥ್ಯ ಹೆಚ್ಚಿರುವ ದೊಡ್ಡ ಗುಂಪುಗಳು ಕೆಲಸಕ್ಕೆ ಇಳಿಯುವುದು ಭಾರ ಹೆಚ್ಚಿದಾಗ, ಇಲ್ಲವೇ ಸಣ್ಣವು ದಣಿದು ಕೈಚೆಲ್ಲಿದಾಗ. ಅದಕ್ಕೇ 6 ರೆಪ್ಸ್ ಮಾಡಲಾಗುವ ತೂಕದಿಂದಲೂ ಸ್ನಾಯು ಬೆಳೆಯುತ್ತದೆ, 25 ರೆಪ್ಸ್ ಮಾಡಲಾಗುವ ತೂಕದಿಂದಲೂ ಬೆಳೆಯುತ್ತದೆ. ಎರಡರಲ್ಲೂ ಸೆಟ್ಟಿನ ಕೊನೆ ನಿಮ್ಮ ಮಿತಿಯ ಹತ್ತಿರ ಬಂದಿರಬೇಕು ಎಂಬುದೊಂದೇ ಷರತ್ತು. ಹೊಸಬರಿಗೆ 8ರಿಂದ 12 ಹದವಾದ ಲೆಕ್ಕ. ತೂಕ ಕೀಲುಗಳಿಗೆ ಅತಿಯಾಗುವುದಿಲ್ಲ, ಎಣಿಸಿ ಬೇಸರವೂ ಬರುವುದಿಲ್ಲ.

ಮಿತಿಯ ಹತ್ತಿರ ಬಂದದ್ದು ತಿಳಿಯುವುದು ಹೇಗೆ? ಉರಿಯನ್ನು ನಂಬಬೇಡಿ, ವೇಗವನ್ನು ನೋಡಿ. ನೀವು ಅಷ್ಟೇ ಜೋರಿನಿಂದ ತಳ್ಳುತ್ತಿದ್ದರೂ ರಾಡು ತಾನಾಗಿ ನಿಧಾನವಾದರೆ ಇನ್ನು ಎರಡು-ಮೂರು ಮಾತ್ರ ಉಳಿದಿವೆ ಎಂದರ್ಥ. ಅಲ್ಲಿಂದ ಒಂದೋ ಎರಡೋ ಮಾಡಿ ಇಡಬೇಕು. ಈ ಅಂದಾಜು ಹೊಸಬರಿಗೆ ಮೊದಲು ಸಿಗುವುದಿಲ್ಲ, ಐದಾರು ಉಳಿದಿರುವಾಗಲೇ ಮುಗಿಯಿತೆಂದು ಇಟ್ಟುಬಿಡುತ್ತಾರೆ. ಆದ್ದರಿಂದ ಡಂಬೆಲ್ ಕರ್ಲ್, ಲೆಗ್ ಎಕ್ಸ್‌ಟೆನ್ಶನ್‌ನಂಥ ಅಪಾಯವಿಲ್ಲದ ವ್ಯಾಯಾಮದ ಕೊನೆಯ ಸೆಟ್ಟನ್ನು ಆಗಾಗ ನಿಜವಾಗಿಯೂ ಆಗದಿರುವ ತನಕ ಒಯ್ದು ನೋಡಬೇಕು. ಬೆಂಚ್ ಪ್ರೆಸ್, ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಹೊಡೆಯುವ ಬೈಠಕ್) ಈ ಪ್ರಯೋಗ ಬೇಡ. ಹಿಡಿಯುವವರು ಯಾರೂ ಇಲ್ಲದೆ ಬೆಂಚ್ ಮಾಡುವುದಾದರೆ ರಾಡಿನ ತುದಿಗೆ ಲಾಕ್ ಹಾಕಬೇಡಿ. ಎದೆಯ ಮೇಲೆ ಸಿಕ್ಕಿಕೊಂಡರೆ ಒಂದು ಕಡೆ ವಾಲಿಸಿ ಪ್ಲೇಟು ಜಾರಿಸಿ ಪಾರಾಗಬಹುದು. ಹೆಬ್ಬೆರಳು ರಾಡಿನ ಸುತ್ತ ಬರಲೇಬೇಕು. ಸೆಟ್ಟುಗಳ ನಡುವೆ ಎರಡರಿಂದ ಮೂರು ನಿಮಿಷ ಕೂತುಕೊಳ್ಳಿ. 30 ಸೆಕೆಂಡಿಗೇ ಎದ್ದರೆ ಉಸಿರು ಸಾಲದೆ ಸೆಟ್ ಮುಗಿಯುತ್ತದೆ, ಸ್ನಾಯು ಪೂರ್ತಿ ದುಡಿದಿರುವುದಿಲ್ಲ.

ಎರಡೂವರೆ ಕಿಲೋದ ತಾಪತ್ರಯ

"ಮೂರು ಸೆಟ್, ಹತ್ತು ರೆಪ್ಸ್" ಎಂಬುದು ಎಲ್ಲರ ಬಾಯಲ್ಲಿದೆ. ಅದರ ಬೇರು ಎರಡನೇ ಮಹಾಯುದ್ಧದ ಕಾಲದ್ದು. ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಎಂಬ ವೈದ್ಯ ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ ಭಾರದ ವ್ಯಾಯಾಮ ಕೊಟ್ಟು, 1945ರಲ್ಲಿ ಅದನ್ನು ಪ್ರಕಟಿಸಿದ. ಮೊದಲು ಹತ್ತರ ಏಳೆಂಟು ಸೆಟ್ ಕೊಡುತ್ತಿದ್ದವನು ಕೆಲವೇ ವರ್ಷದಲ್ಲಿ ಮೂರು ಸೆಟ್ ಸಾಕೆಂದು ಇಳಿಸಿದ: ಹತ್ತು ಸಲ ಮಾತ್ರ ಎತ್ತಬಲ್ಲ ತೂಕದ ಅರ್ಧದಲ್ಲೊಂದು, ಮುಕ್ಕಾಲಿನಲ್ಲೊಂದು, ಪೂರ್ತಿಯಲ್ಲೊಂದು. ಜಗತ್ತು ಅವನ ಮೂರು, ಹತ್ತು ಎರಡನ್ನೂ ಹಿಡಿದುಕೊಂಡಿತು. ಆದರೆ ಅವನ ಪದ್ಧತಿಯ ಜೀವ ಇದ್ದದ್ದು ಆ ತೂಕವನ್ನು ಮತ್ತೆ ಮತ್ತೆ ಅಳೆದು ಏರಿಸುವುದರಲ್ಲಿ. ನಮ್ಮ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರಿಗೆ, ಗರಡಿಯ ಉಸ್ತಾದರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಣ್ಣ ಕಲ್ಲು ಪಳಗದೆ ದೊಡ್ಡದಕ್ಕೆ ಯಾರೂ ಕೈ ಹಾಕುವುದಿಲ್ಲ.

ಏರಿಸುವ ಸುಲಭ ದಾರಿ ಹೀಗೆ. ಒಂದು ತೂಕ ಹಿಡಿದು ಮೂರು ಸೆಟ್‌ನಲ್ಲೂ 8 ಬಂದರೆ ಅಲ್ಲಿಂದ ಶುರು. ಪ್ರತಿ ಸಲವೂ ಒಂದಾದರೂ ಸೆಟ್‌ನಲ್ಲಿ ಒಂದು ರೆಪ್ ಹೆಚ್ಚು ಮಾಡಲು ನೋಡಬೇಕು. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ಮೇಲೆ ತೂಕ ಏರಿಸಿ ಮತ್ತೆ 8ಕ್ಕೆ ಬರಬೇಕು. ಇಷ್ಟೇ. ಇದಕ್ಕೊಂದು ನೋಟ್‌ಬುಕ್ ಬೇಕು: ವ್ಯಾಯಾಮ, ತೂಕ, ರೆಪ್ಸ್. "25 ಕೆಜಿ: 10, 9, 8" ಎಂದು ಬರೆದಿಟ್ಟವನಿಗೆ ಮುಂದಿನ ಸಲದ ಕೆಲಸ ಗೊತ್ತಿರುತ್ತದೆ. ಬರೆಯದವನು ಮೂಡಿಗೆ ಬಂದಷ್ಟು ಎತ್ತಿ ಹೋಗುತ್ತಾನೆ, ಆರು ತಿಂಗಳಾದರೂ ಅದೇ ಪ್ಲೇಟು. ಹತ್ತು ವರ್ಷದ ಅನುಭವವಿರುವ ಟ್ರೇನರ್ ಸಿಗುವುದಕ್ಕಿಂತ ಹತ್ತು ರೂಪಾಯಿಯ ನೋಟ್‌ಬುಕ್ ಸಿಗುವುದು ಹೊಸಬನಿಗೆ ಹೆಚ್ಚು ಉಪಯೋಗ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟ್ರೇನರ್‌ಗಳು ಬೇಜಾರಾದರೂ ಪರವಾಗಿಲ್ಲ.

ತೊಡಕು ಬರುವುದು ಸಾಮಾನಿನಲ್ಲಿ. ಬಹುತೇಕ ಸಣ್ಣ ಜಿಮ್ಮುಗಳಲ್ಲಿ ಎಲ್ಲಕ್ಕಿಂತ ಸಣ್ಣ ಪ್ಲೇಟು 2.5 ಕಿಲೋದ್ದು. ಎರಡೂ ಕಡೆ ಹಾಕಿದರೆ 5 ಕಿಲೋ ಏರಿತು. 25 ಎತ್ತುವವನಿಗೆ ಅದು ಒಂದೇ ಏಟಿಗೆ ನೂರಕ್ಕೆ 20ರಷ್ಟು ಜಿಗಿತ. ಡಂಬೆಲ್‌ನಲ್ಲಿ ಇನ್ನೂ ಕೆಟ್ಟದು: ಭುಜಕ್ಕೆ 5 ಕಿಲೋ ಎತ್ತುವವನು 7.5ಕ್ಕೆ ಹೋದರೆ ಒಂದೂವರೆ ಪಟ್ಟು. ಹೀಗೆ ಜಿಗಿದಾಗ ರೆಪ್ಸ್ 5ಕ್ಕೆ ಬೀಳುತ್ತವೆ, ಉಳಿದದ್ದನ್ನು ನಡು ತೂಗಿ, ಭುಜ ಎಗರಿಸಿ ತುಂಬಿಕೊಳ್ಳುವುದು ಶುರುವಾಗುತ್ತದೆ, ಒಂದು ತಿಂಗಳಲ್ಲಿ ಭುಜದ ಮುಂಭಾಗದಲ್ಲಿ ಚಳಕು. ಉಪಾಯ ಎರಡು. ಸಣ್ಣ ತೂಕದ ವ್ಯಾಯಾಮಗಳಲ್ಲಿ 12ರ ಬದಲು 18-20ರ ತನಕ ರೆಪ್ಸ್ ಏರಿಸಿ ಆಮೇಲೆ ಮುಂದಿನ ಡಂಬೆಲ್ ಹಿಡಿಯುವುದು ಒಂದು. ಸ್ಪೋರ್ಟ್ಸ್ ಅಂಗಡಿಯಲ್ಲಿ 1.25 ಕಿಲೋದ ಒಂದು ಜೋಡಿ ಪ್ಲೇಟು ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಕೊಳ್ಳುವ ಮೊದಲು ರಾಡಿನ ತುದಿಯ ಅಳತೆ ನೋಡಿ, 50 ಮಿಲಿಮೀಟರಿನ ಒಲಿಂಪಿಕ್ ರಾಡಿನ ಪ್ಲೇಟು ಸಪೂರ ರಾಡಿನಲ್ಲಿ ಅಲ್ಲಾಡುತ್ತದೆ.

ರಾಡಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಳಡಿಯ ಒಲಿಂಪಿಕ್ ರಾಡು 20 ಕಿಲೋ. ಹಳೆಯ ಜಿಮ್ಮುಗಳ ಸಪೂರ, ಗಿಡ್ಡ ರಾಡು ಅದರ ಅರ್ಧವೂ ಇರಲಿಕ್ಕಿಲ್ಲ. ಒಮ್ಮೆ ತಕ್ಕಡಿಗೆ ಹಾಕಿ ನೋಡಿ ಬರೆದಿಟ್ಟುಕೊಳ್ಳಿ. ಕೇಬಲ್ ಮಶೀನಿನ ಮೇಲಿನ ಅಂಕಿ ಆ ಮಶೀನಿಗೆ ಮಾತ್ರ ಸತ್ಯ. ರಾಟೆಗಳ ಜೋಡಣೆ, ಎಣ್ಣೆ ಕಾಣದ ಕೇಬಲ್‌ನ ಜಗ್ಗಾಟ ಎಲ್ಲ ಸೇರಿ ಒಂದು ಜಿಮ್ಮಿನ 40 ಇನ್ನೊಂದರ 25 ಆಗಿರಬಹುದು.

ಏನು ಮಾಡಬೇಕು, ಸ್ಕ್ವಾಟ್ ಹೇಗೆ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ದಿನವೂ ಕಾಲಿನದೊಂದು, ತಳ್ಳುವುದೊಂದು, ಎಳೆಯುವುದೊಂದು, ತಲಾ ಮೂರು ಸೆಟ್. ಸೋಮವಾರ ಸ್ಕ್ವಾಟ್, ಬೆಂಚ್ ಪ್ರೆಸ್, ಬಗ್ಗಿ ನಿಂತು ಎಳೆಯುವ ಡಂಬೆಲ್ ರೋ. ಬುಧವಾರ ರೊಮೇನಿಯನ್ ಡೆಡ್‌ಲಿಫ್ಟ್ (ರಾಡು ಹಿಡಿದು ಸೊಂಟದಿಂದ ಬಗ್ಗಿ ಏಳುವುದು), ಕೂತು ಭುಜದ ಮೇಲಕ್ಕೆ ತಳ್ಳುವ ಶೋಲ್ಡರ್ ಪ್ರೆಸ್, ಮೇಲಿನ ಕೇಬಲ್ಲನ್ನು ಎದೆಗೆ ಎಳೆಯುವ ಲ್ಯಾಟ್ ಪುಲ್‌ಡೌನ್. ಶುಕ್ರವಾರ ಮತ್ತೆ ಸೋಮವಾರದ್ದು, ಮುಂದಿನ ಸೋಮವಾರ ಬುಧವಾರದ್ದು, ಹೀಗೆ ಅದಲು ಬದಲು. ತಳ್ಳುವುದಕ್ಕೆ, ಎಳೆಯುವುದಕ್ಕೆ ವಾರಕ್ಕೆ ಒಂಬತ್ತೊಂಬತ್ತು ಸೆಟ್ ಆಯಿತು, ಹೊಸಬನಿಗೆ ಧಾರಾಳ. ಕೊನೆಗೆ ಆಸೆಗೆ ಎರಡು ಸೆಟ್ ಕರ್ಲ್ ಮಾಡಿಕೊಳ್ಳಿ. ಪಾಪ, ಬೈಸೆಪ್ಸ್‌ಗಾಗಿಯೇ ಜಿಮ್ಮಿಗೆ ಬಂದವರಿಗೆ ಅದೂ ಇಲ್ಲವೆಂದರೆ ಹೇಗೆ.

ಬೆನ್ನ ಮೇಲೆ ರಾಡು ಇಡುವ ಮೊದಲು ಸ್ಕ್ವಾಟ್‌ ಅನ್ನು ಡಂಬೆಲ್ ಹಿಡಿದು ಕಲಿಯುವುದು ಒಳ್ಳೆಯದು. 7.5 ಅಥವಾ 10 ಕಿಲೋದ ಒಂದು ಡಂಬೆಲ್ಲನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಎದೆಗೆ ಒತ್ತಿಕೊಳ್ಳಿ. ಪಾದ ಭುಜದಗಲ, ಬೆರಳುಗಳು ಸ್ವಲ್ಪ ಹೊರಗೆ. ಮೇಲೆ ನಿಂತಾಗಲೇ ಉಸಿರು ಎಳೆದು ಹೊಟ್ಟೆ ಬಿಗಿ ಮಾಡಿ. ಎರಡು-ಮೂರು ಸೆಕೆಂಡು ತೆಗೆದುಕೊಂಡು ಇಳಿಯಿರಿ, ಮೊಣಕಾಲು ಪಾದದ ಬೆರಳಿನ ದಿಕ್ಕಿಗೇ ಹೋಗಲಿ, ತೊಡೆ ನೆಲಕ್ಕೆ ಸಮಾನಾಂತರ ಆಗುವಷ್ಟಾದರೂ ಇಳಿಯಬೇಕು. ಹಿಮ್ಮಡಿ ನೆಲ ಬಿಡದಂತೆ ಎದ್ದು, ಅರ್ಧ ದಾಟಿದ ಮೇಲೆ ಉಸಿರು ಬಿಡಿ. ಹಿಮ್ಮಡಿ ಏಳುತ್ತಿದ್ದರೆ ಅದರ ಕೆಳಗೆ ಒಂದೊಂದು ತೆಳು ಪ್ಲೇಟು ಇಟ್ಟುಕೊಂಡು ಮಾಡಿ. ಮೊಣಕಾಲು ಒಳಗೆ ವಾಲುತ್ತಿದ್ದರೆ ತೂಕ ಹೆಚ್ಚಾಯಿತು, ಇಳಿಸಿ. ಮೆತ್ತನೆ ಗಾದಿಯ ರನ್ನಿಂಗ್ ಶೂ ಹಾಕಿದ್ದರೆ ಕಾಲು ಅಲ್ಲಾಡುತ್ತದೆ, ಚಪ್ಪಟೆ ತಳದ ಕ್ಯಾನ್ವಾಸ್ ಶೂ ಮೇಲು. 20 ಕಿಲೋದ ಡಂಬೆಲ್‌ನಲ್ಲಿ ಹನ್ನೆರಡರ ಮೂರು ಸೆಟ್ ಆದ ಮೇಲೆ ಬೆನ್ನಿಗೆ ಬರಿ ರಾಡು ಬರಲಿ. ನೆಲದ ಮೇಲೆ ಕೂತು ಉಂಡು, ಕುಕ್ಕರಗಾಲಲ್ಲಿ ಕೂತು ಬೆಳೆದ ನಮ್ಮ ಹುಡುಗರಿಗೆ ಆಳಕ್ಕೆ ಇಳಿಯುವುದು ಕಷ್ಟವೇ ಅಲ್ಲ. ಆದರೂ 60 ಕಿಲೋ ಹೇರಿಕೊಂಡು ಕಾಲು ಭಾಗ ಬಗ್ಗಿ ಏಳುವ ಸ್ಕ್ವಾಟೇ ಕಾಣಸಿಗುತ್ತದೆ. ಪ್ಲೇಟು ನೋಡುವವರಿಗೆ ಚೆಂದ, ತೊಡೆಗೆ ನಷ್ಟ. ಸ್ನಾಯು ಉದ್ದಕ್ಕೆ ಎಳೆದುಕೊಂಡಿರುವ ಕೆಳಗಿನ ಭಾಗದಲ್ಲಿ ಬೀಳುವ ಭಾರಕ್ಕೇ ಬೆಲೆ ಹೆಚ್ಚು.

ಉಳಿದವಕ್ಕೆ ಒಂದೊಂದು ಮಾತು. ಬೆಂಚ್‌ನಲ್ಲಿ ಹೆಗಲ ಹಿಂದಿನ ಎರಡು ಚಪ್ಪಟೆ ಎಲುಬು ಹಿಂದಕ್ಕೆ ಕೂಡಿಸಿ ಮಲಗಿ, ರಾಡು ಎದೆಯ ಕೆಳಭಾಗಕ್ಕೆ ಇಳಿಯಲಿ, ಮೊಣಕೈ ಪೂರ್ತಿ ಹೊರಗೆ ಚಾಚದೆ ಪಕ್ಕೆಗೆ 45ರಿಂದ 70 ಡಿಗ್ರಿ ಇರಲಿ. ರೋ ಮಾಡುವಾಗ ಡಂಬೆಲ್ಲನ್ನು ಎದೆಗೆ ಎಳೆಯದೆ ಮೊಣಕೈಯನ್ನು ಸೊಂಟದ ಕಡೆ ಒಯ್ಯಿರಿ. ರೊಮೇನಿಯನ್ ಡೆಡ್‌ಲಿಫ್ಟ್‌ನಲ್ಲಿ ಬೆನ್ನು ನೆಟ್ಟಗಿಟ್ಟು ಕುಂಡಿ ಹಿಂದಕ್ಕೆ ಹೋಗಬೇಕು, ರಾಡು ತೊಡೆಯನ್ನು ಸವರಿಕೊಂಡೇ ಇಳಿಯಬೇಕು, ತೊಡೆಯ ಹಿಂದೆ ಜಗ್ಗಿದಂತಾದಾಗ ಏಳಬೇಕು. ಹೆಣ್ಣುಮಕ್ಕಳಿಗೂ ಇದೇ ಪಟ್ಟಿ, ಇದೇ ಲೆಕ್ಕ. ಸ್ನಾಯು ಬೆಳೆಸುವ ಟೆಸ್ಟೊಸ್ಟೆರೋನ್ ಹಾರ್ಮೋನು ಗಂಡಸರಿಗಿಂತ ಎಷ್ಟೋ ಪಾಲು ಕಡಿಮೆ ಇರುವುದರಿಂದ "ಗಂಡಸಿನಂಗ ಆಗ್ತೀನಿ" ಎಂಬ ಭಯಕ್ಕೆ ಆಧಾರವಿಲ್ಲ.

ಬ್ಯಾಳಿ, ರೊಟ್ಟಿ, ಲೆಕ್ಕ

ಭಾರ ಎತ್ತುವವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. ಅದಕ್ಕಿಂತ ಹೆಚ್ಚು ತಿಂದರೆ ಲಾಭ ಅತ್ಯಲ್ಪ. 60 ಕಿಲೋದ ಹುಡುಗನಿಗೆ 96 ಗ್ರಾಂ. ನಮ್ಮ ಮನೆಯ ಊಟದಲ್ಲಿ ಎಷ್ಟಿದೆ ನೋಡೋಣ. ಮುಂಜಾನೆ ಒಂದು ಪ್ಲೇಟು ಸುಸಲಾ, 5 ಗ್ರಾಂ. ಮಧ್ಯಾಹ್ನ ಮೂರು ಜೋಳದ ರೊಟ್ಟಿ, ಒಂದಕ್ಕೆ 50 ಗ್ರಾಂ ಹಿಟ್ಟೆಂದರೆ ಒಟ್ಟು 15. ಬ್ಯಾಳಿ ಒಂದು ಬಟ್ಟಲು, 6. ಪುಂಡಿ ಪಲ್ಯ 2. ರಾತ್ರಿ ಎರಡು ರೊಟ್ಟಿ, ಒಂದಿಷ್ಟು ಅನ್ನ, ಮತ್ತೆ ಬ್ಯಾಳಿ, ಒಟ್ಟು 21. ಎಲ್ಲ ಸೇರಿ 50ರ ಆಸುಪಾಸು, ಬೇಕಾದ್ದರ ಅರ್ಧ. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಪಡೆದ ತೊಗರಿಯ ಊರಿನಲ್ಲೇ ಕೂತು ಇಷ್ಟು ಕೊರತೆ ಹೇಗೆಂದರೆ, ನಾವು ಬಟ್ಟಲು ಎಣಿಸುತ್ತೇವೆ, ಬೇಳೆ ಎಣಿಸುವುದಿಲ್ಲ. ಹಸಿ ಬೇಳೆಯಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ನಿಜ, ಆದರೆ ತೆಳ್ಳಗಿನ ಸಾರಿನ ಬಟ್ಟಲಿಗೆ ಬೀಳುವ ಬೇಳೆ 30 ಗ್ರಾಂ ಮೀರುವುದಿಲ್ಲ. ಹಾಗಂತ ರೊಟ್ಟಿ-ಬ್ಯಾಳಿ ಬಿಡಬೇಡಿ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ತುಣುಕು ಬೇಳೆಯಲ್ಲಿ ಧಾರಾಳ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್‌ಗೆ ಜೋಳ ಇದೆ.

ಉಳಿದ 46 ಗ್ರಾಂ ತುಂಬುವುದು ಹೀಗೆ: ಅರ್ಧ ಲೀಟರ್ ಹಾಲು 16, ಮೂರು ತತ್ತಿ 18, 50 ಗ್ರಾಂ ಶೇಂಗಾ 12. ತತ್ತಿ ತಿನ್ನದವರು, ಶ್ರಾವಣದಲ್ಲಿ ಬಿಡುವವರು ಅದರ ಬದಲು 35-40 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಪಲ್ಯ ಮಾಡಿಕೊಳ್ಳಲಿ. 100 ಗ್ರಾಂಗೆ 50 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಅದರಲ್ಲಿದೆ. ಝುಣಕ, ಗಟ್ಟಿ ಮೊಸರು, ಹೆಸರುಕಾಳಿನ ಉಸುಳಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಂಜೆಯ ಮಿರ್ಚಿ ಭಜಿಯಲ್ಲಿ ಕಡಲೆಹಿಟ್ಟಿದೆ ಎಂದು ವಾದಿಸುವವರೂ ಇದ್ದಾರೆ, ಅವರೊಡನೆ ಚರ್ಚೆಗೆ ನಾನಿಲ್ಲ.

ಸಣಕಲು ಇರುವವರ ತೂಕ ವಾರಕ್ಕೆ 150ರಿಂದ 300 ಗ್ರಾಂನಂತೆ ಏರಿದರೆ ಸರಿಯಾದ ದಾರಿ. ಅದಕ್ಕಿಂತ ವೇಗವಾದರೆ ಹೊಟ್ಟೆಗೆ ಸೇರುತ್ತಿದೆ ಎಂದರ್ಥ. ಡಬ್ಬಿಗಳ ವಿಚಾರ ಚುಟುಕಾಗಿ: ವೇ ಪುಡಿ ಹಾಲಿನ ಪ್ರೋಟೀನೇ, ಅನುಕೂಲಕ್ಕೆ ತಗೊಂಡರೆ ತಗೊಳ್ಳಿ. ಕ್ರಿಯೇಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ನಿಜವಾಗಿ ಕೆಲಸ ಮಾಡುತ್ತದೆ, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಉಳಿದ ಬಣ್ಣದ ಡಬ್ಬಿಗಳೆಲ್ಲ ಅಂಗಡಿಯವನ ಮಗಳ ಮದುವೆಗೆ. "ಮೂರು ತಿಂಗಳದಾಗ ಕಟ್ ತರಿಸ್ತೀನಿ" ಎಂದು ಯಾರಾದರೂ ಹಾರ್ಮೋನು ಇಂಜೆಕ್ಷನ್ ಮಾತೆತ್ತಿದರೆ ಅಲ್ಲಿಂದ ಎದ್ದು ಬನ್ನಿ. ಹೊರಗಿನ ಹಾರ್ಮೋನು ಬಂದ ಕೂಡಲೇ ದೇಹ ತನ್ನದನ್ನು ಮಾಡುವುದು ನಿಲ್ಲಿಸುತ್ತದೆ, ವೀರ್ಯಾಣು ಕುಸಿಯುತ್ತದೆ, ಹೃದಯಕ್ಕೂ ಪೆಟ್ಟು.

ಬಿಸಿಲು, ರೋಜಾ, ನಿಂತುಹೋದ ತೂಕ

ಏಪ್ರಿಲ್, ಮೇಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ತಗಡಿನ ಛಾವಣಿಯ ಜಿಮ್ಮಿನಲ್ಲಿ ಕರೆಂಟೂ ಹೋದರೆ ಕೇಳುವುದೇ ಬೇಡ. ಮುಂಜಾನೆ ಐದೂವರೆಯಿಂದ ಏಳರೊಳಗೆ ಮುಗಿಸುವುದು ಒಳ್ಳೆಯದು. ವ್ಯಾಯಾಮದ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರಿನಷ್ಟು ನೀರು ಹೋಗಿದೆ, ಉಪ್ಪು ಹಾಕಿದ ಮಜ್ಜಿಗೆ ಅದಕ್ಕೆ ಸಾಕು. ಹೊಸಬರು ಬಿಸಿಲಿನಲ್ಲಿ ಪಣಕ್ಕೆ ಬಿದ್ದು ನೂರಾರು ಬೈಠಕ್ ಹೊಡೆಯುವುದು ನಿಜಕ್ಕೂ ಅಪಾಯ. ಮರುದಿನ ಸ್ನಾಯು ಬಾತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರುವ ಲಕ್ಷಣ. ಆವತ್ತೇ ಆಸ್ಪತ್ರೆಗೆ ಹೋಗಬೇಕು.

ರೋಜಾ ಇರುವವರು ತಿಂಗಳಿಡೀ ಬಿಡಬೇಕಿಲ್ಲ. ಇಫ್ತಾರ್ ಆಗಿ ಒಂದೂವರೆ ತಾಸಿನ ಮೇಲೆ ಬರಲಿ, ತೂಕ ಇಳಿಸದೆ ಸೆಟ್ಟುಗಳನ್ನು ಮಾತ್ರ ಮೂರರಿಂದ ಒಂದೋ ಎರಡೋ ಮಾಡಿಕೊಳ್ಳಲಿ. ಬೆಳೆಸಲು ಬೇಕಾದ ಕೆಲಸದ ಮೂರನೇ ಒಂದು ಪಾಲು ಇದ್ದರೂ ಇದ್ದ ಸ್ನಾಯು ಉಳಿಯುತ್ತದೆ. ಮನೆಯ ಮದುವೆ, ರಾಶಿಯ ಕೆಲಸ, ಪರೀಕ್ಷೆ ಬಂದಾಗಲೂ ಇದೇ ಸೂತ್ರ. ಪೂರ್ತಿ ಎರಡು ವಾರ ತಪ್ಪಿದರೆ ಹಳೆಯ ತೂಕದ ನೂರಕ್ಕೆ 10-15 ಕಡಿಮೆ ಮಾಡಿ ಶುರು ಮಾಡಿದರಾಯಿತು, ಒಂದೆರಡು ವಾರದಲ್ಲಿ ಮೊದಲಿನ ಜಾಗಕ್ಕೆ ಬರುತ್ತೀರಿ.

ಕೆಲವು ತಿಂಗಳಾದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದೇ ಅಂಕಿ ಮತ್ತೆ ಮತ್ತೆ ಕಾಣತೊಡಗುತ್ತದೆ. ಎರಡು-ಮೂರು ವಾರ ಬೆಂಚ್ 50 ಕಿಲೋ, 8-8-7ರಲ್ಲೇ ನಿಂತರೆ ಮೊದಲು ನಿದ್ದೆ ನೋಡಿ. ಏಳು ತಾಸಿಗೆ ಕಡಿಮೆಯಿದ್ದರೆ ರೋಗ ಅಲ್ಲೇ ಇದೆ. ಆಮೇಲೆ ಮೈತೂಕ ನೋಡಿ. ಒಂದು ತಿಂಗಳಿಂದ ಏರಿಲ್ಲದಿದ್ದರೆ ರಾತ್ರಿಗೆ ಒಂದು ರೊಟ್ಟಿ, ಒಂದು ಲೋಟ ಹಾಲು ಹೆಚ್ಚು ಮಾಡಿ. ಎರಡೂ ಸರಿಯಿದ್ದೂ ನಿಂತಿದ್ದರೆ 45ಕ್ಕೆ ಇಳಿದು 10ರ ಮೂರು ಸೆಟ್‌ನಿಂದ ಮತ್ತೆ ಹತ್ತಿ ಬನ್ನಿ. ಮೂರ್ನಾಲ್ಕು ವಾರದಲ್ಲಿ 50 ದಾಟುವುದು ಸಾಮಾನ್ಯ. ಆಗಲೂ ದಾಟದಿದ್ದರೆ ಆ ವ್ಯಾಯಾಮಕ್ಕೆ ವಾರದಲ್ಲಿ ಇನ್ನೆರಡು ಸೆಟ್ ಕೂಡಿಸಿ. ದಿನಕ್ಕೊಂದು ಅಂಗದ ಐದು ದಿನದ ಸ್ಪ್ಲಿಟ್ ಬೇಕೋ ಬೇಡವೋ ಎಂಬ ಚರ್ಚೆ ಅದಾದ ಮೇಲೆ.